ನನ್ನ ಹೆಸರಿಗೆ ಏರಿಸಿದ ಮಿತಿ

ಸರ್ವರ್ ದುರಸ್ತಿಗೆಂದು ಹೋದ ಜೇವರ್ಗಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಹೆದರಿದಷ್ಟು ನಾನು ಬೇರೆಲ್ಲೂ ಹೆದರಿಲ್ಲ. ರಕ್ತದ ಚೀಲಗಳ ತಪಾಸಣೆ ವರದಿಯೆಲ್ಲ ಯುನಿಕ್ಸ್ ಸರ್ವರಿನ ಡೇಟಾಬೇಸಿನಲ್ಲಿತ್ತು. ಆ ದಿನ ಡೇಟಾಬೇಸ್ ಶುರುವಾದ ಕೂಡಲೇ ಮೆಮೊರಿ ಸಾಲದೆಂದು ನಿಂತುಬಿಡುತ್ತಿತ್ತು. ಯಡ್ರಾಮಿಯಿಂದ ಬಂದ ಬಾಣಂತಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ವರದಿ ನೋಡದೆ ಚೀಲ ಕೊಡುವಂತಿಲ್ಲ. ಆಕೆಯ ಗಂಡ ಬಾಗಿಲಲ್ಲಿ ನಿಂತು ನನ್ನ ಬೆರಳುಗಳನ್ನೇ ನೋಡುತ್ತಿದ್ದ.

ಯಂತ್ರದಲ್ಲಿ ಮೆಮೊರಿ ಬೇಕಾದಷ್ಟಿತ್ತು. ಆದರೆ ಯುನಿಕ್ಸಿನಲ್ಲಿ ಒಂದೊಂದು ಬಳಕೆದಾರ ಹೆಸರಿಗೂ ಇಷ್ಟೇ ಬಳಸಬೇಕೆಂಬ ಮಿತಿ ಇರುತ್ತದೆ. ಆ ಮಿತಿಯನ್ನು ಏರಿಸಿದೆ, ಮತ್ತೆ ನಿಂತಿತು. ಇನ್ನೂ ಏರಿಸಿದೆ, ಮತ್ತೆ ನಿಂತಿತು.

"ಯಾರ ಹೆಸರಿಗೆ ಏರಸಾಕತ್ತೀರಿ?" ಎಂದು ಪರದೆ ನೋಡುತ್ತ ಕೇಳಿದರು ಅಲ್ಲಿ ದಿನಾ ವರದಿ ತುಂಬುವ ಶಾಂತಕ್ಕ.

"ನಾ ಲಾಗಿನ್ ಆದ ಹೆಸರಿಗ್ರಿ, ಅಕ್ಕಾರ."

"ಡೇಟಾಬೇಸಿಂದೂ ಅದೇ ಹೆಸರೇನ್ರಿ?"

"ಅಲ್ರಿ, ಅದರದು ಬ್ಯಾರೆ."

"ಮತ್ತ ನೀವು ರೊಟ್ಟಿ ತಿಂದ್ರ ಅದರ ಹೊಟ್ಟಿ ತುಂಬತದೇನ್ರಿ?"

ಡೇಟಾಬೇಸ್ ಓಡುವ ಹೆಸರಿಗೇ ಮಿತಿ ಏರಿಸಿ ಶುರು ಮಾಡಿದೆ. ಈ ಸಲ ನಿಲ್ಲಲಿಲ್ಲ. ವರದಿ ತೆರೆಯಿತು, ಚೀಲ ವಾರ್ಡಿಗೆ ಓಡಿತು. ಸ್ವಲ್ಪ ಹೊತ್ತಿನ ಮೇಲೆ ಗಂಡ ಬಂದು, "ಉಳಿದಳ್ರೀ" ಎಂದು ಗೋಡೆಗೊರಗಿ ಕುಳಿತ.

ನಾನು ಹಣೆಯ ಬೆವರು ಒರೆಸಿಕೊಂಡೆ. "ನಿಮ್ದೂ ಬಿ.ಪಿ. ನೋಡ್ಲೇನ್ರಿ?" ಎಂದರು ಶಾಂತಕ್ಕ. ಬ್ಯಾಡ್ರಿ ಅಂದೆ. ಒಂದು ದಿನಕ್ಕೆ ಮಿತಿ ಏರಿದ್ದಷ್ಟೇ ಸಾಕು, ಬಿ.ಪಿ. ಏರಿದ್ದನ್ನೂ ನೋಡುವುದು ಬೇಡ.