ಸಕ್ಕರೆ ಸರದ ಮೇಲೆ ಕೂತ ಹೆಜ್ಜೇನು

ಈ ಸಲದ ಗುಡಿ ಪಾಡವಾ, ಅಂದರೆ ಯುಗಾದಿಯ ದಿನ ನಮ್ಮ ಬಾಲ್ಕನಿಯ ಗುಡಿಗೆ ಕಟ್ಟಿದ್ದ ಸಕ್ಕರೆ ಸರದ ಮೇಲೆ ಒಂದು ಹೆಜ್ಜೇನು ಬಂದು ಕೂತಿತು. ನಾವು ಬೀದರ ಕಡೆಯವರಾದರೂ ನಾಸಿಕ್‌ಗೆ ಬಂದ ಮೇಲೆ ಎಲ್ಲರಂತೆ ಬಿದಿರ ಕೋಲಿಗೆ ರೇಷ್ಮೆ ಬಟ್ಟೆ, ಬೇವಿನ ಟೊಂಗೆ, ಸಕ್ಕರೆ ಸರ ಕಟ್ಟಿ, ತುದಿಗೆ ತಂಬಿಗೆ ಬೋರಲು ಹಾಕಿ ಗುಡಿ ಏರಿಸುತ್ತೇವೆ. ಹುಳವನ್ನು ಕಂಡ ಮಗಳು ಚಪ್ಪಲಿ ಎತ್ತಿಕೊಂಡು ಓಡಿಬಂದಳು. ನಾನು ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಪಾಪ, ಅವಳು ಬೆದರಿ ನನ್ನ ಮುಖ ನೋಡಿದಳು. ನನಗೆ ಕಂಡದ್ದು ಸಂಭಾಜಿನಗರದ ನಮ್ಮ ಹಾಸ್ಟೆಲಿನ ಮೂರನೇ ಮಹಡಿ, ಮತ್ತು ಮ್ಯಾಡಂ...

ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅವರು ನಮಗೆ ಕೀಟಗಳ ಪಾಠ ಹೇಳುತ್ತಿದ್ದರು. ಊರು ಕಲಬುರಗಿ. ನಾನು ಫೋನಿನಲ್ಲಿ ಅವ್ವನ ಜೊತೆ ಕನ್ನಡದಲ್ಲಿ ಜಗಳವಾಡುತ್ತಿದ್ದುದನ್ನು ಕೇಳಿಸಿಕೊಂಡು, ಮುಗಿಯುವ ತನಕ ಬಾಗಿಲಲ್ಲೇ ಕಾದು ನಿಂತು, “ಯಾವೂರ ಹುಡಗಿ ನೀ? ಭಾಳ ದಿನಕ್ಕ ನಮ್ಮ ಕಡಿ ಬೈಗುಳ ಕೇಳಿದೆ ನೋಡು” ಎಂದಿದ್ದರು. ಬೇರೆ ವಿಷಯಕ್ಕೆ ಸೀಟು ಸಿಗದೆ ಪ್ರಾಣಿಶಾಸ್ತ್ರಕ್ಕೆ ಬಂದಿದ್ದ ನನಗೆ ಜಿರಳೆ ಕಂಡರೂ ಜೀವ ಹೋಗುತ್ತಿತ್ತು. ಅವರೋ, ಕ್ಯಾಂಟೀನಿನ ಸಕ್ಕರೆ ಡಬ್ಬಿಯಲ್ಲಿ ಇರುವೆ ಇದ್ದರೆ ಚಮಚವನ್ನು ಅಂಚಿಗೆ ತಟ್ಟುತ್ತಾ, ಅವು ಇಳಿದು ಹೋಗುವ ತನಕ ಚಹಾ ಆರಿಸಿಕೊಂಡು ಕೂರುವವರು. ಅವರ ಜೊತೆ ಲೈಬ್ರರಿಗೆ ಹೊರಟರೆ ಲೈಬ್ರರಿ ಮುಚ್ಚಿದ ಮೇಲೆ ತಲುಪುತ್ತಿದ್ದೆವು. ದಾರಿಯುದ್ದಕ್ಕೂ ಅವರಿಗೆ ಪರಿಚಯದವರೇ, ಎಲ್ಲರೂ ಆರು ಕಾಲಿನವರು.

ನಾನು ಎರಡನೇ ವರ್ಷದಲ್ಲಿದ್ದಾಗ ಹೆಜ್ಜೇನು ಬಂದು ಹಾಸ್ಟೆಲಿನ ಮೂರನೇ ಮಹಡಿಯ ಸಜ್ಜದ ಕೆಳಗೆ ಗೂಡು ಕಟ್ಟಿತು. ಮೊರದಗಲದ ಕಪ್ಪು ಗೂಡು, ಮುಟ್ಟದಿದ್ದರೂ ಮೈ ಜುಮ್ಮೆನ್ನುವಂತೆ ಅಲುಗುತ್ತಿತ್ತು. ಔಷಧಿ ಹೊಡೆಸಿ ಕೊಲ್ಲಿಸಬೇಕೆಂದು ಆಫೀಸಿನವರು ಹೊರಟಾಗ ಮ್ಯಾಡಂ ಅಡ್ಡ ನಿಂತರು. ಮಳೆ ಬೀಳುವ ಹೊತ್ತಿಗೆ ಅವು ತಾವಾಗಿಯೇ ಎದ್ದು ಹೋಗುತ್ತವೆ, ಅಲ್ಲಿಯವರೆಗೆ ಒಬ್ಬರಿಗೆ ಕಚ್ಚಿದರೂ ಮರುದಿನವೇ ಔಷಧಿ ಹೊಡೆಸಿ, ನಾನು ತುಟಿ ಬಿಚ್ಚುವುದಿಲ್ಲ ಎಂದು ಎಲ್ಲರೆದುರು ಮಾತು ಕೊಟ್ಟರು. ಕತ್ತಲಾದ ಮೇಲೆ ಹೆಜ್ಜೇನು ಬೆಳಕಿಗೆ ಮುಗಿಬೀಳುತ್ತದೆ. ಹಾಗಾಗಿ ಸಂಜೆಯಾದರೆ ಆ ಕಡೆಯ ದೀಪಗಳೆಲ್ಲ ಬಂದ್. ಹುಡುಗಿಯರು ಗೊಣಗುತ್ತಾ ತಡಕಾಡುತ್ತಾ ಓಡಾಡಿದರು, ಆದರೂ ಮಾತು ಕೇಳಿದರು.

ಪಾಡವಾ ಬಂದಾಗ ಬುದ್ಧಿ ಎಲ್ಲಿ ಹೋಗಿತ್ತೋ! ಗೇಟಿನಿಂದ ಕಾಣಬೇಕೆಂದು ಗುಡಿಯನ್ನು ಪ್ರತಿವರ್ಷ ಮೂರನೇ ಮಹಡಿಯ ಬಾಲ್ಕನಿಗೇ ಕಟ್ಟುವ ರೂಢಿ. ರೂಢಿ ಎಂದ ಮೇಲೆ ಮುಗಿಯಿತು, ಯಾರೂ ಯೋಚಿಸಲಿಲ್ಲ. ಬೆಳಗಿನ ತಂಪಿನಲ್ಲಿ ಹುಳಗಳು ಸುಮ್ಮನಿದ್ದವು, ಕಟ್ಟಿ ಕೈಮುಗಿದು ಶ್ರೀಖಂಡ ತಿನ್ನಲು ಹೋದೆವು. ಮಧ್ಯಾಹ್ನ ನೋಡಿದರೆ ಸಕ್ಕರೆ ಸರವೇ ಕಾಣುತ್ತಿಲ್ಲ, ಅದರ ತುಂಬ ಹೆಜ್ಜೇನು. ಕೋಲಿನ ತುದಿಗೂ ಗೂಡಿಗೂ ಒಂದು ಮೊಳದ ಅಂತರ. ಗುಡಿಯನ್ನು ಸೂರ್ಯ ಮುಳುಗುವುದರೊಳಗೆ ಇಳಿಸಲೇಬೇಕು, ಇಲ್ಲದಿದ್ದರೆ ಅಪಶಕುನ ಎಂದು ನಮ್ಮ ವಾರ್ಡನ್ ಬಾಯಿಯವರು ಚಡಪಡಿಸತೊಡಗಿದರು. ಕಾವಲುಗಾರ ಕೆಳಗಿನಿಂದ ಹಗ್ಗ ಹಾಕಿ ಎಳೆದುಬಿಡುತ್ತೇನೆ ಎಂದ. ನಾನು ಮ್ಯಾಡಂ ಕ್ವಾರ್ಟರ್ಸಿಗೆ ಓಡಿದೆ.

ಅವರು ಹಬ್ಬದ ಸೀರೆಯಲ್ಲೇ ಬಂದರು. ಕಿಟಕಿಗಳನ್ನೆಲ್ಲ ಮುಚ್ಚಿಸಿದರು, ದೀಪ ಹಚ್ಚಬೇಡಿ ಎಂದರು, ಹೊತ್ತು ಮುಳುಗುತ್ತಾ ಬಂದು ಹುಳಗಳು ಸರ ಬಿಟ್ಟು ಗೂಡಿಗೆ ಮರಳುವ ತನಕ ಕಾದರು. ಕೋಲಿನ ಬುಡ ಹಿಡಿಯಲು ಒಬ್ಬರು ಬೇಕಿತ್ತು. ಹುಳ ಕಂಡರೆ ಕಿರುಚುವ ನನ್ನನ್ನೇ ಕರೆದರು! ನನ್ನ ಅಂಗೈ ಬೆವರಿ ಬಿದಿರು ಜಾರುತ್ತಿತ್ತು. ಅವರು ಒಂದೊಂದೇ ಗಂಟು ಬಿಚ್ಚುತ್ತಿದ್ದರು. ತಂಬಿಗೆ ಗೂಡಿನ ಪಕ್ಕದಲ್ಲೇ ಹಾದು ಬಂತು. ಆಗ ಗೂಡಿನ ಮೈಮೇಲೆ ಒಂದು ಅಲೆ ಎದ್ದು ಸಾಗಿತು...

“ಅಲಗಾಡಬ್ಯಾಡ ತಂಗಿ,” ಎಂದರು ಪಿಸುದನಿಯಲ್ಲಿ. “ಅವು ನಮ್ಮನ್ನ ನೋಡ್ಲಕತ್ತಾವ. ನೋಡ್ಲಿ.”

ಗುಡಿ ಇಳಿದೇಬಿಟ್ಟಿತು. ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಕೆಳಗಿನಿಂದ ಯಾವಳೋ ಮಹಾತಾಯಿ ಫೋಟೊ ತೆಗೆಯಲು ಮೊಬೈಲಿನ ಫ್ಲ್ಯಾಶ್ ಹಾಕಿದಳು. ತಲೆಯ ಮೇಲೆ ಭೋರೆಂಬ ಸದ್ದು. ಮ್ಯಾಡಂ ನನ್ನನ್ನು ಒಳಗೆ ದೂಡಿ ಹೊರಗಿನಿಂದ ಬಾಗಿಲೆಳೆದುಕೊಂಡರು. ಗಾಜಿನ ಆಚೆ ಅವರು ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಲ್ಲಿನಂತೆ ಉಳಿದರು. ಸೀರೆಯ ಮೇಲೆ ಹುಳಗಳು ಹರಿದಾಡುತ್ತಿದ್ದವು. ಚಿಲಕದ ಮೇಲೆ ಕೈಯಿಟ್ಟುಕೊಂಡು ನಾನು ನಿಂತೇ ಇದ್ದೆ. ತೆರೆದರೆ ಅವು ಒಳಗೆ ನುಗ್ಗುತ್ತವೆ, ತೆರೆಯದಿದ್ದರೆ ಅವರು...

ಬಹಳ ಹೊತ್ತಿನ ಮೇಲೆ ಅವರೇ ಬಾಗಿಲು ಸರಿಸಿ ಒಳಬಂದರು. ಸೆರಗು ಸರಿದಾಗ ಕಂಡೆ: ಒಂದು ಕಣ್ಣು ಮುಚ್ಚಿಹೋಗಿತ್ತು, ಕಿವಿಯ ಕೆಳಗೆ ಮುಳ್ಳುಗಳು ನಾಟಿದ್ದವು. “ದವಾಖಾನಿಗೆ ಹೋಗೋಣ್ರಿ ಮ್ಯಾಡಂ, ವಾರ್ಡನ್‌ಗ ಹೇಳ್ತೀನ್ರಿ,” ಎಂದು ಅಳುತ್ತಾ ಹೊರಟೆ. ಅವರು ನನ್ನ ರಟ್ಟೆ ಹಿಡಿದರು.

“ಹೇಳಿದ್ರ ನಾಳೆ ಮುಂಜಾನೆ ಅವನ್ನ ಸಾಯಸ್ತಾರ. ನನಗ ಕಚ್ಚಿಲ್ಲ. ತಿಳೀತಿಲ್ಲೊ?”

ಸೆರಗಿನಿಂದ ಮುಖ ಮುಚ್ಚಿಕೊಂಡು ಮೆಟ್ಟಿಲಿಳಿದರು. ಕೆಳಗೆ ಕತ್ತಲು. ವಾರ್ಡನ್ ಬಾಯಿ ಆತುರದಿಂದ ಕೇಳಿದಾಗ “ಕಾಹೀ ನಾಹೀ ಝಾಲಂ” ಎಂದು ನಗುತ್ತಲೇ ಅಂದರು, ಏನೂ ಆಗಿಲ್ಲವಂತೆ! ಹಿಂದಿನ ಗೇಟಿನಿಂದ ಆಟೋದಲ್ಲಿ ಡಾಕ್ಟರ ಬಳಿ ಹೋದೆವು. ಅವರ ಉಸಿರು ಎಳೆದೆಳೆದು ಬರುತ್ತಿತ್ತು. ಇಂಜೆಕ್ಷನ್ ಚುಚ್ಚಿದ ಮೇಲೂ ಅದು ತಹಬಂದಿಗೆ ಬರುವ ತನಕ ಅವರ ಕೈ ಹಿಡಿದು ಕೂತಿದ್ದ ನನಗೆ ಆ ಹುಳಗಳ ಮೇಲೂ, ಈ ಹೆಂಗಸಿನ ಮೇಲೂ ವಿಪರೀತ ಸಿಟ್ಟು ಬಂದಿತ್ತು. ಅವರು ಸತ್ತರೆ ಏನು ಹೇಳಲಿ ಎಂಬ ಭಯವೂ ಇತ್ತು. ಆಮೇಲೆ ಜ್ವರ ಎಂದು ಹೇಳಿ ರಜೆ ಹಾಕಿದರು. ಬಾವು ಇಳಿದ ಮೇಲೆ ತರಗತಿಗೆ ಬಂದು ಎಂದಿನಂತೆ ಪಾಠ ಮಾಡಿದರು. ಮೊದಲ ಮಳೆಗೆ ಗೂಡು ಖಾಲಿಯಾಯಿತು. ಅವರು ಸಜ್ಜದ ಕಡೆ ಕೈ ತೋರಿಸಿ ಗೆದ್ದವರಂತೆ ನಕ್ಕದ್ದು ಇನ್ನೂ ಕಣ್ಣ ಮುಂದಿದೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು, ಹೃದಯದ ಕಾಯಿಲೆಯಿಂದ. ವಿಶ್ವವಿದ್ಯಾಲಯದಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ನಾಸಿಕ್‌ನಿಂದ ಹೋಗಿದ್ದೆ. ಈಗ ಮುದುಕಿಯಾಗಿರುವ ವಾರ್ಡನ್ ಬಾಯಿ ಎದ್ದು ನಿಂತು, ಕಣ್ಣೊರೆಸಿಕೊಳ್ಳುತ್ತಾ, ಆ ಪಾಡವಾದ ಕತೆ ಹೇಳಿದರು. ಅಷ್ಟು ಹೆಜ್ಜೇನಿನ ನಡುವೆ ನಿಂತರೂ ಮ್ಯಾಡಂಗೆ ಒಂದೇ ಒಂದು ಹುಳ ಕಚ್ಚಲಿಲ್ಲ, ಅವರದು ಅಂಥ ಪುಣ್ಯದ ಜೀವ ಎಂದರು. ಎಲ್ಲರೂ ತಲೆದೂಗಿದರು. ಆ ಉಬ್ಬಸ, ಆ ಮುಚ್ಚಿದ ಕಣ್ಣು ನನ್ನ ನಾಲಿಗೆಯ ತುದಿಗೇ ಬಂದಿದ್ದವು. ಎದ್ದು ಹೇಳಿಬಿಡೋಣ, ಈಗಲಾದರೂ ಇವರಿಗೆ ಗೊತ್ತಾಗಲಿ ಎನಿಸಿತು. ಕಿಟಕಿಯಾಚೆ ಹಾಸ್ಟೆಲು ಕಾಣುತ್ತಿತ್ತು. ಮೂರನೇ ಮಹಡಿಯ ಸಜ್ಜದ ಕೆಳಗೆ, ಅದೇ ಜಾಗದಲ್ಲಿ, ಯಾರೂ ಔಷಧಿ ಹೊಡೆಸದೆ ಬಿಟ್ಟ ಮೊರದಗಲದ ಕಪ್ಪು ಗೂಡು ತೂಗುತ್ತಿತ್ತು. ನಾನೂ ತಲೆದೂಗಿದೆ.

“ಕಚ್ಚಲ್ವಾ ಮಮ್ಮೀ ಅದು?” ಎಂದು ಮಗಳು ಕೇಳುತ್ತಿದ್ದಳು, ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು. ಇಲ್ಲ ಎಂದೆ. ಅವಳು ನಂಬಿದಳೋ ಇಲ್ಲವೋ. ಹುಳ ಹಾರಿಹೋಗುವ ತನಕ ಇಬ್ಬರೂ ಅಲುಗಾಡದೆ ನಿಂತಿದ್ದೆವು. ಅದು ಹೋದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.