ನಾಗಪ್ಪ ಟೇಲರನ ಕೆಂಪು ಹುಳ

ಎಕ್ಕಂಬಿಯ ನಾಗಪ್ಪ ಟೇಲರ್ ಮೀನು ಹಿಡಿಯುತ್ತಾನೆ, ಆದರೆ ತಿನ್ನುವುದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ನಂಬಿದವರು ಊರಲ್ಲಿ ಒಬ್ಬರೂ ಇರಲಿಲ್ಲ. ವಿಭೂತಿ ಹಚ್ಚದೆ ನೀರು ಕುಡಿಯದ ಮನೆತನ ಅವನದು. ಮೊಟ್ಟೆಯ ಚಿತ್ರವಿದ್ದ ಕ್ಯಾಲೆಂಡರ್ ಕೂಡ ಆ ಅಡುಗೆಮನೆಯ ಗೋಡೆ ಹತ್ತಿದ್ದಿಲ್ಲ. ಅಂಥ ಮನೆಯ ಯಜಮಾನ, ಅರವತ್ತೆಂಟರ ಪ್ರಾಯದಲ್ಲಿ, ಶಿವರಾತ್ರಿ ಕಳೆದು ಮುತ್ತುಗ ಹೂ ಬಿಟ್ಟಿತೆಂದರೆ ಸಾಕು, ಪ್ರತಿ ಭಾನುವಾರ ಮೊಪೆಡ್ಡಿಗೆ ಬಿದಿರಿನ ಗಳ ಕಟ್ಟಿಕೊಂಡು ಬನವಾಸಿ ಕಡೆಯ ವರದಾ ಹೊಳೆಗೆ ಹೊರಟುಬಿಡುತ್ತಿದ್ದ.

ಈ ಹುಚ್ಚು ಹತ್ತಿದ್ದು ಹಿಮಾಚಲದಲ್ಲಿ. ಹರೆಯದಲ್ಲಿ ಅಲ್ಲಿನ ಮಿಲಿಟರಿ ಕ್ಯಾಂಪೊಂದರಲ್ಲಿ ಅವನು ಅಂಗಿ ಚಡ್ಡಿ ಹೊಲಿಯುತ್ತಿದ್ದ. ಅಲ್ಲೊಬ್ಬ ಮೇಜರ್ ಸಾಹೇಬರಿಗೆ ಟ್ರೌಟ್ ಎಂಬ ಮೀನು ಹಿಡಿಯುವ ಶೋಕಿ. ಎರೆಹುಳದ ಗೊಡವೆಯೇ ಇಲ್ಲ. ಗಾಳಕ್ಕೆ ಗರಿ ಇಟ್ಟು, ದಾರ ಸುತ್ತಿ, ನೊಣದ ಹಾಗೆ ಕಾಣುವ ಸುಳ್ಳು ಹುಳ ಕಟ್ಟುವುದು. ಅದನ್ನು ನೀರ ಮೇಲೆ ತೇಲಿಬಿಡುವುದು. ಮೀನು ಮೋಸಹೋಗಿ ಬಾಯಿ ಹಾಕಿದರೆ ಮೆಲ್ಲಗೆ ಎಳೆದು, ಅದರ ಮುಖ ನೋಡಿ, ಮತ್ತೆ ನೀರಿಗೇ ಬಿಡುವುದು. ಒಮ್ಮೆ ಸಾಹೇಬರ ಕನ್ನಡಕ ಒಡೆದಾಗ ದಾರ ಸುತ್ತಲು ದರ್ಜಿಗೆ ಕರೆ ಬಂತು. ನಾಗಪ್ಪ ಕಟ್ಟಿದ ಮೊದಲ ಹುಳ ಎಷ್ಟು ಜೀವಂತವಾಗಿತ್ತೆಂದರೆ, ಮೇಜಿನ ಮೇಲಿಟ್ಟು ಆಕಳಿಸುವಷ್ಟರಲ್ಲಿ ಹಲ್ಲಿಯೊಂದು ಕಚ್ಚಿಕೊಂಡು ಓಡಿತಂತೆ! ಹಿಮ ಬೀಳುವ ಊರಲ್ಲಿ ಹಲ್ಲಿ ಎಲ್ಲಿಂದ ಬಂತು ಎಂದು ಕೇಳಿದವರಿಗೆ, ಅದು ಸ್ವೆಟರ್ ಹಾಕಿಕೊಂಡಿತ್ತು, ಹೆಣೆದುಕೊಟ್ಟವನೂ ತಾನೇ ಎನ್ನುತ್ತಿದ್ದ.

ಮಿಲಿಟರಿಯಿಂದ ಅವನು ತಂದದ್ದು ಎರಡೇ. ಮೇಜರ್ ಸಾಹೇಬರು ಕೊಟ್ಟ ಗಳ ಒಂದು, ಕಿವಿ ಮುಟ್ಟುವ ಮೀಸೆ ಇನ್ನೊಂದು. ನಮ್ಮ ಬೆಚ್ಚನೆಯ ಹೊಳೆಯಲ್ಲಿ ಟ್ರೌಟ್ ಇಲ್ಲದಿದ್ದರೇನು, ಸಂಜೆ ಹೊತ್ತು ಮಡುವಿನಲ್ಲಿ ನೊಣಕ್ಕೆ ನೆಗೆಯುವ ಬೆಳ್ಳಿ ಬಣ್ಣದ ಮೀನುಗಳಿದ್ದವು. ಹೊಲಿಗೆ ಯಂತ್ರದ ಪಾದದಡಿ ಗಾಳವನ್ನು ಸಿಕ್ಕಿಸಿ, ಮೀನಿನ ಬಾಯಿ ಹರಿಯದಂತೆ ಗಾಳದ ತುದಿಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ, ಅವನು ಅಂಗಡಿಯಲ್ಲೇ ಹುಳ ಕಟ್ಟುತ್ತಿದ್ದ. ಗರಿ ಹಿಂದಿನ ಮನೆಯ ತಿಮ್ಮನ ಹುಂಜದ್ದು. ಆ ಹುಂಜ ನಾಗಪ್ಪನನ್ನು ಕಂಡರೆ ಬಾಲವನ್ನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು.

ತಕರಾರು ತೆಗೆದವನು ಪಕ್ಕದ ಕಿರಾಣಿ ಅಂಗಡಿಯ ಶಿವಪುತ್ರಪ್ಪ.

"ನಾಗಪ್ಪಣ್ಣ, ನಿನ್ನೆ ಎಷ್ಟು ಸಿಕ್ಕವಪಾ?"

"ನಾಕು. ಒಂದಂತೂ ನಿನ್ನ ತಕ್ಕಡಿ ದಂಡಿಗಿಂತ ಉದ್ದ."

"ಎಲ್ಲದಾವು?"

"ಹೊಳ್ಯಾಗ."

"ಹಂಗಾರ ಹಿಡಿಯೋದಾರ ಸುಳ್ಳಿರಬೇಕು, ಬಿಡೋದಾರ ಸುಳ್ಳಿರಬೇಕು. ಕಿಸೇದಾಗ ಉಪ್ಪು ಖಾರ ಒಯ್ದಿರ್ತಿಯೋ ಏನೋ, ಯಾರು ಕಂಡಾರ?"

ನಾಗಪ್ಪ ಮೊಬೈಲ್ ತೆಗೆದು ಫೋಟೊ ತೋರಿಸಿದ. "ಇದ್ರಾಗ ಈಗ ಆನಿಗೂ ರೆಕ್ಕಿ ಹಚ್ತಾರ ತಗೋ" ಎಂದ ಶಿವಪುತ್ರಪ್ಪ.

ಈ ಮಾತು ನಾಗಪ್ಪನ ಹೆಂಡತಿ ಗುರುಶಾಂತವ್ವನ ಕಿವಿಗೂ ಬಿತ್ತು. ಗಂಡ ಬಡಾಯಿ ಕೊಚ್ಚುವವ ಎಂಬುದು ಆಕೆಗೆ ನಲವತ್ತು ವರ್ಷದಿಂದ ಗೊತ್ತು. ಮೀನು ತಿನ್ನುವವ ಅನ್ನಿಸಿಕೊಂಡರೆ ಹೇಗೆ?

"ಐತವಾರ ನಾನೂ ಬರ್ತೀನಿ. ಹೊತ್ತು ಮುಳುಗೋದ್ರಾಗ ಒಂದು ಮೀನ ಹಿಡಿದು, ನನ್ನ ಕಣ್ಣ ಮುಂದ ಬಿಟ್ಟು ತೋರಸ್ರಿ. ಇಲ್ಲಾಂದ್ರ ಸೋಮವಾರ ಆ ಗಳ ನೀರೊಲಿಗೆ."

"ಅದು ಮೇಜರ್ ಸಾಹೇಬ್ರು ಕೊಟ್ಟದ್ದು, ಮಾರಾಯ್ತಿ!"

"ಹಂಗಾರ ಛಲೋನ ಉರೀತೈತಿ ಬಿಡ್ರಿ."

ನಾಗಪ್ಪನ ಮುಖ ಬಾಡಿತು. ಮೀನು ಹಿಡಿಯಲು ಅವನಿಗೆ ಬರುತ್ತಿತ್ತು. ಆದರೆ ವರದಾ ಹೊಳೆಯ ಮೀನು ಅವನ ಎಲ್ಲ ಹುಳಕ್ಕೂ ಬಾಯಿ ಹಾಕುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಕೆಂಪು ಹುಳ, ಅದೂ ನೀರಿಗೆ ಬಿದ್ದರೆ ಮಿನುಗುವ ಹಳೆಯ ರೇಶಿಮೆಯ ಕೆಂಪು. ಅಂಥ ರೇಶಿಮೆ ಸುತ್ತಮುತ್ತ ಇದ್ದದ್ದು ಒಂದೇ ಕಡೆ: ಟ್ರಂಕಿನಲ್ಲಿದ್ದ ಗುರುಶಾಂತವ್ವನ ಮದುವೆಯ ಇಳಕಲ್ ಸೀರೆಯ ಸೆರಗಿನಲ್ಲಿ. ಮೂರು ವರ್ಷದಿಂದ ನಾಗಪ್ಪ ಎಳೆಎಳೆಯಾಗಿ ಬಿಡಿಸುತ್ತಿದ್ದ. ಸೆರಗಿನ ತುದಿ ಸವೆಯುವುದನ್ನು ಕಂಡ ಆಕೆ ಇಲಿಯ ಮೇಲೆ ಸಂಶಯಪಟ್ಟು ಬೋನಿಟ್ಟಳು, ಆಮೇಲೆ ಬೆಕ್ಕು ಸಾಕಿದಳು. ಇಲಿ ಸಿಗಲಿಲ್ಲ. ಬೆಕ್ಕು ಮಾತ್ರ ಹಾಲು ಕುಡಿದು ಕುಡಿದು ಬಾಗಿಲಲ್ಲಿ ಹಿಡಿಸದಷ್ಟು ದಪ್ಪವಾಯಿತು.

ಕೆಂಪು ಹುಳ ಹೊರಗೆ ತೆಗೆಯಲೇಬಾರದೆಂದು ಮನಸ್ಸು ಗಟ್ಟಿಮಾಡಿ ನಾಗಪ್ಪ ಭಾನುವಾರ ಹೊಳೆಗಿಳಿದ. ಗುರುಶಾಂತವ್ವ ದಡದ ಬಂಡೆಯ ಮೇಲೆ ರೊಟ್ಟಿಗಂಟು ಬಿಚ್ಚಿ ಕೂತಳು. ಕಂದು ಹುಳ ಬಿಟ್ಟ. ಮೀನು ಬಂದು ಮೂಸಿ ಹೋಯಿತು. ಬೂದಿ ಹುಳವನ್ನು ಮೂಸುವವರೂ ಬರಲಿಲ್ಲ. ಕಪ್ಪು ಹುಳವನ್ನು ಕಪ್ಪೆಯೊಂದು ಎರಡು ಸಲ ನೋಡಿ ಕಣ್ಣು ಮುಚ್ಚಿಕೊಂಡಿತು.

"ಆ ಕಪ್ಪಿಗೂ ನಿಮ್ಮ ಸುಳ್ಳು ಗೊತ್ತಾತ್ ನೋಡ್ರಿ" ಎಂದಳು ಗುರುಶಾಂತವ್ವ, ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತ.

"ಸುಮ್ನ ಕುಂದ್ರ. ಮೀನಕ್ಕ ಕಿವಿ ಇರ್ತಾವ."

"ನಾಲಿಗಿ ಇಲ್ಲಲ್ಲ, ಅದರ ಪುಣ್ಯ. ಇದ್ದಿದ್ರ ಅದೂ ಶಿವಪುತ್ರಪ್ಪನಂಗ ನಗತಿತ್ತು."

ಸೂರ್ಯ ಆಚೆ ದಡದ ಮತ್ತಿಮರದ ನೆತ್ತಿಗೆ ಬಂದ. ಇನ್ನು ಅರ್ಧ ತಾಸು. ಗುರುಶಾಂತವ್ವ ಗಳವನ್ನು ಬುಡದಿಂದ ತುದಿಯವರೆಗೆ ನೋಡಿದಳು, ಎಷ್ಟು ತುಂಡಾಗಬಹುದು ಎಂದು ಅಂದಾಜು ಹಾಕುವವಳ ಹಾಗೆ. ಅದನ್ನು ಕಂಡು ನಾಗಪ್ಪನಿಗೆ ತಡೆಯಲಾಗಲಿಲ್ಲ. ಆಕೆಗೆ ಬೆನ್ನು ಮಾಡಿ, ಮುಲಾಮಿನ ಹಳೇ ಡಬ್ಬಿಯ ತಳದಿಂದ ಕೆಂಪು ಹುಳ ತೆಗೆದು ದಾರಕ್ಕೆ ಗಂಟು ಹಾಕಿದ. ದಾರವನ್ನು ಗಾಳಿಯಲ್ಲಿ ಎರಡು ಸುತ್ತು ಬೀಸಿದ. ಹುಳ ಮಡುವಿನ ನಡುವೆ ಸದ್ದಿಲ್ಲದೆ ಕೂತಿತು.

ಛಳಕ್!

"ಅಯ್ಯಯ್ಯ, ಸಿಕ್ತು! ಎಳೀರಿ, ಎಳೀರಿ... ಅಲ್ಲಲ್ಲ, ಮೆಲ್ಲಗ!" ಗುರುಶಾಂತವ್ವ ರೊಟ್ಟಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೇಬಿಟ್ಟಳು. ನಾಗಪ್ಪ ಒದ್ದೆ ಕೈಯಲ್ಲಿ ಮೀನು ಹಿಡಿದ. ಒಂದು ಗೇಣಿನ ಮೀನು, ಹಳದಿ ರೆಕ್ಕೆ. ಅದರ ತುಟಿಯಂಚಿನಲ್ಲಿ ಕೆಂಪು ಹುಳ ಸಂಜೆಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಆಕೆ ಬಾಗಿದಳು. ಮೀನು ನೋಡಿದಳು. ಹುಳ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಇದು ನನ್ನ ಸೆರಗು."

"ಇರಬಹುದು" ಎಂದ ನಾಗಪ್ಪ.

"ಎರಡು ವರ್ಷ ಆ ಬೆಕ್ಕಿಗೆ ಹಾಲು ಹಾಕೀನಿ!"

ನಾಗಪ್ಪನ ಕೈಯಲ್ಲಿ ಮೀನು ಒದ್ದಾಡಿತು. "ಮೊದಲ ಅದನ್ನ ಬಿಡ್ರಿ. ಕಳವು ಮಾಡಿದಾಂವ ನೀವು, ಅದೇನು ಮಾಡೇತಿ?" ಎಂದಳು ಆಕೆ. ಮುಳ್ಳಿಲ್ಲದ ಗಾಳ ತಾನಾಗಿ ಕಳಚಿತು. ನೀರೊಳಗೆ ಮೀನು ಗಳಿಗೆ ಹೊತ್ತು ಕಿವಿರು ಆಡಿಸುತ್ತ ನಿಂತಿತು. ಗುರುಶಾಂತವ್ವ ಒಂದು ಬೆರಳಿಂದ ಅದರ ಬೆನ್ನು ಮುಟ್ಟಿದಳು. ಅದು ಬಾಲ ಬಡಿದು ಆಕೆಯ ಮುಖಕ್ಕೆ ನೀರು ಎರಚಿ ಹೋಯಿತು. ಆಕೆಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

"ಗಳ ಇರ್ಲಿ. ಸೀರಿ ಮುಟ್ಟಿದ್ರ ನೋಡ್ರಿ! ಎಳಿ ಬೇಕಾದ್ರ ಮೀಸಿ ಐತಲ್ಲ, ಅದ್ರಾಗ ಕಿತ್ಕೋರಿ."

ಸೋಮವಾರ ಅಂಗಡಿಯ ಮುಂದೆ ಶಿವಪುತ್ರಪ್ಪ ಬಾಯಿ ತೆರೆಯುವ ಮೊದಲೇ ಗುರುಶಾಂತವ್ವ ಹೇಳಿಬಿಟ್ಟಳು: "ನಾ ಕಣ್ಣಾರೆ ನೋಡೀನ್ರಿ. ಹಿಡಿದ್ರು, ಬಿಟ್ರು. ಮೊಳ ಉದ್ದ ಇತ್ತು."

"ಅಷ್ಟಿರಲಿಲ್ಲ..." ಎಂದ ನಾಗಪ್ಪ, ಆಯುಷ್ಯದಲ್ಲೇ ಮೊದಲ ಸಲ.

"ನೀವು ಸುಮ್ನಿರ್ರಿ. ನಿಮಗೇನು ಗೊತ್ತು?"

ಮುಂದಿನ ಭಾನುವಾರ ಮೊಪೆಡ್ ಹೊರಟಾಗ ಹಿಂದೆ ಗುರುಶಾಂತವ್ವ, ಮಡಿಲಲ್ಲಿ ರೊಟ್ಟಿಗಂಟು. ಮುಂದೆ ನಾಗಪ್ಪ. ಅವನ ಬಲಮೀಸೆ ಎಂದಿನಂತೆ ಕಿವಿಯವರೆಗೆ ಇತ್ತು. ಎಡಮೀಸೆ ಕೆನ್ನೆಯ ಅರ್ಧಕ್ಕೇ ನಿಂತಿತ್ತು.

"ಇನ್ನೊಂದು ಕಡೀದು?" ಎಂದು ಕೂಗಿದ ಶಿವಪುತ್ರಪ್ಪ.

"ಅದು ಬರೋ ವರ್ಷಕ್ಕ" ಎಂದಳು ಗುರುಶಾಂತವ್ವ.