ನಮಸ್ಕಾರ ಹೇಳದ ಅಕ್ಕೋರು

ಕಳೆದ ಸೋಮವಾರ ಸಂಜೆ ಹೊಸಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರ ಸನ್ಮಾನ ನಡೆಯಿತು. ಸ್ವಾಗತ ಭಾಷಣ ಮಾಡಿದವರು ವೇದಿಕೆ ಮೇಲಿದ್ದ ಒಬ್ಬೊಬ್ಬರ ಹೆಸರು, ಹುದ್ದೆ, ಊರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಪತ್ರಿಕೆಯ ವರದಿಗಾರನಿಗೆ ಇದು ಪೆನ್ನಿಗೆ ವಿಶ್ರಾಂತಿ ಕೊಡುವ ಹೊತ್ತು. ಆದರೆ ಅಂದು ನನಗೆ ನೆನಪಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಭಾನುವಾರ, ಟಿ.ಬಿ. ಡ್ಯಾಂ ಕಡೆಯ ಒಂದು ಮನೆಯ ಪಡಸಾಲೆ.

ಆ ಮನೆ ನಾಗರತ್ನ ಅಕ್ಕೋರದು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತಿಯಾದರೂ ಆ ಹೆಸರು ಹೋಗುವುದಿಲ್ಲ. ಆಗ ಶಾಲೆಗಳ ವೇಳೆಯ ಬಗ್ಗೆ ಸರ್ಕಾರದ ಕರಡು ನಿಯಮವೊಂದು ಬಂದಿತ್ತು: ಎಲ್ಲ ಪ್ರಾಥಮಿಕ ಶಾಲೆಗಳೂ ಹತ್ತು ಗಂಟೆಗೇ ತೆರೆಯಬೇಕು. ಶಿಕ್ಷಕರ ಅಭಿಪ್ರಾಯ ಕೇಳಲು ಅಧಿಕಾರಿಗಳ ತಂಡವೊಂದು ಹೊಸಪೇಟೆಗೆ ಬರುವುದಿತ್ತು. ಒಬ್ಬೊಬ್ಬರಿಗೆ ಎರಡು ನಿಮಿಷ. ಅದಕ್ಕೆ ತಾಲೀಮು ಮಾಡಿಸಲು ಅಕ್ಕೋರು ಕಂಪ್ಲಿ, ಸಂಡೂರು, ಹಂಪಿ ಕಡೆಯ ಶಿಕ್ಷಕರನ್ನು ಮನೆಗೆ ಕರೆದಿದ್ದರು. ನನಗೂ ಫೋನ್ ಬಂತು.

“ನೀವು ಸಾಹೇಬ್ರಾಗಿ ಕುರ್ಚಿ ಮ್ಯಾಲ ಕುಂದ್ರಬೇಕ್ರಿ.”

“ನಾನ್ಯಾಕ್ರಿ ಅಕ್ಕೋರೆ?”

“ಮಂದಿ ಮಾತು ಅರ್ಧಕ್ಕ ಕಡಿಯೋದು ನಿಮಗ ರೂಢಿ ಐತಲ್ರಿ, ಅದಕ್ಕ.”

ಒಪ್ಪಿಕೊಂಡೆ. ಶಿಕ್ಷಕರ ಸಭೆಗಳ ಬಗ್ಗೆ ನಾನು ಬರೆದ ವರದಿಗಳೆಲ್ಲ ‘ಶಿಕ್ಷಕರು ಅಭಿಪ್ರಾಯ ಹಂಚಿಕೊಂಡರು’ ಎಂಬಲ್ಲಿಗೆ ಮುಗಿಯುತ್ತಿದ್ದವು. ಯಾವ ಅಭಿಪ್ರಾಯ ಎಂದು ಸಂಪಾದಕರೂ ಕೇಳುತ್ತಿರಲಿಲ್ಲ, ಓದುಗರೂ ಕೇಳುತ್ತಿರಲಿಲ್ಲ.

ಮೊದಲು ಎದ್ದವರು ಕಂಪ್ಲಿಯ ವೀರೇಶ್ ಮೇಷ್ಟ್ರು. ಭತ್ತದ ನಾಟಿ ದಿನಗಳಲ್ಲಿ ತರಗತಿಯ ಅರ್ಧ ಮಕ್ಕಳು ಗದ್ದೆಯಲ್ಲಿರುತ್ತಾರೆ ಎಂಬುದು ಅವರ ವಿಷಯ. “ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಸದಸ್ಯರೇ, ನನ್ನ ನೆಚ್ಚಿನ ಸಹೋದ್ಯೋಗಿ ಬಂಧುಗಳೇ…” ಎಂದು ಶುರುವಿಟ್ಟರು. ವೇದಿಕೆ ಎಂದರೆ ನಾನು, ಒಂದು ಪ್ಲಾಸ್ಟಿಕ್ ಕುರ್ಚಿ ಮತ್ತು ಕುರ್ಚಿಯ ಕೆಳಗೆ ಮಲಗಿದ್ದ ಬೆಕ್ಕು. ಅವರು ಗದ್ದೆಗೆ ಇಳಿಯುವ ಮೊದಲೇ ಅಕ್ಕೋರು ಚಮಚದಿಂದ ಲೋಟ ಬಾರಿಸಿದರು.

“ಎರಡು ನಿಮಿಷ ಆತು, ಬಸ್ ಹೋತು ವೀರೇಶ. ಕುಂದ್ರು.”

“ನಮಸ್ಕಾರನೂ ಹೇಳಬಾರದೇನ್ರಿ?”

“ಬೆಕ್ಕಿಗೂ ಹೇಳಿದ್ಯಲ್ಲೋ!”

ಎಲ್ಲರೂ ನಕ್ಕರು. ನಗುತ್ತಲೇ ಮುಂದಿನವರೂ ಅದನ್ನೇ ಮಾಡಿದರು. ಪ್ರವಾಸಿಗರು ಪಾಠದ ನಡುವೆ ಕಿಟಕಿಯಲ್ಲಿ ಮೊಬೈಲ್ ಹಿಡಿಯುತ್ತಾರೆಂದು ದೂರಲು ಬಂದಿದ್ದ ಹಂಪಿ ಕಡೆಯ ಮೇಷ್ಟ್ರಂತೂ ವಿಜಯನಗರದ ವೈಭವದಲ್ಲೇ ಉಳಿದುಬಿಟ್ಟರು.

ನಂತರ ಎದ್ದವರು ಸಂಡೂರಿನ ಯಶವಂತನಗರ ಕಡೆಯ ರೇಣುಕಾ ಅಕ್ಕೋರು. ಅವರ ಶಾಲೆಯ ಮಕ್ಕಳ ತಂದೆ ತಾಯಂದಿರು ಬೆಳಿಗ್ಗೆ ಏಳಕ್ಕೇ ಕಂಪನಿ ಬಸ್ ಹತ್ತಿ ಗಣಿಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಹೋಗುತ್ತಾರೆ. ಮಕ್ಕಳು ಶಾಲೆಯ ಗೇಟಿನ ಮುಂದೆ, ಅದಿರಿನ ಲಾರಿ ಓಡುವ ರಸ್ತೆಯ ಅಂಚಿನಲ್ಲಿ ಕೂರುತ್ತಿದ್ದರು. ಅದನ್ನು ನೋಡಲಾರದೆ ರೇಣುಕಾ ಮತ್ತು ಅವರ ಸಹೋದ್ಯೋಗಿ ಪಾಲಕರ ಒಪ್ಪಿಗೆ ಪಡೆದು ಏಳೂವರೆಗೇ ಶಾಲೆ ತೆರೆದು ಮಧ್ಯಾಹ್ನ ಬೇಗ ಬಿಡುತ್ತಿದ್ದರು. ಕರಡು ಜಾರಿಯಾದರೆ ಮಕ್ಕಳು ಮತ್ತೆ ರಸ್ತೆಗೆ. ಇಷ್ಟನ್ನೂ ಅವರು ಚಹಾ ಕುಡಿಯುತ್ತ ನನಗೆ ಚೆನ್ನಾಗಿ ಹೇಳಿದ್ದರು. ಎದ್ದು ನಿಂತವರೇ, “ಎಲ್ಲರಿಗೂ ಅನುಕೂಲವಾಗುವಂಥ ನಿರ್ಧಾರ ಕೈಗೊಳ್ಳಬೇಕೆಂದು ವಿನಂತಿ” ಎಂದು ಕುಳಿತರು.

ನನಗೆ ಕುತೂಹಲ ಹುಟ್ಟಿದ್ದು ಅಲ್ಲಿ. ದಿನವಿಡೀ ಮಾತಾಡುವುದೇ ಕೆಲಸವಾದವರು ಎರಡು ನಿಮಿಷಕ್ಕೆ ಏಕೆ ಹೀಗಾಗುತ್ತಾರೆ? ಕೇಳಿಯೇಬಿಟ್ಟೆ.

ಉತ್ತರ ಕೊಟ್ಟವರು ರೇಣುಕಾ. “ಸಾಹೇಬ್ರು ಬಂದ್ರು ಅಂದ್ರ ನಮಗ ಅದು ಶಾಲಾ ತಪಾಸಣೇನ ರೀ. ಮಕ್ಕಳ ಮುಂದ ಪ್ರಶ್ನೆ ಕೇಳೋರು ನಾವು. ಅವರ ಮುಂದ ಉತ್ತರ ಹೇಳೋರು ನಾವು. ಉತ್ತರ ತಪ್ಪಿದ್ರ ಅಂತ ಎದಿ ಡವಡವ ಅಂತೈತಿ.”

“ಹಂಗಾದ್ರ ಉತ್ತರ ಹೇಳಬ್ಯಾಡ,” ಎಂದರು ನಾಗರತ್ನ ಅಕ್ಕೋರು. “ಅವರಿಗೂ ಪ್ರಶ್ನೇನ ಕೇಳು. ಇವರ್ನ ಕೇಳು ನೋಡೋಣ.”

ರೇಣುಕಾ ನನ್ನ ಕಡೆ ತಿರುಗಿದರು. “ಸರ್, ನಿಮ್ಮ ಮನ್ಯಾಗ ಬೆಳಿಗ್ಗೆ ಮಕ್ಕಳ್ನ ತಯಾರು ಮಾಡಿ ಸಾಲಿಗೆ ಕಳಸೋರು ಯಾರ್ರಿ?”

“ನನ್ನ ಹೆಂಡ್ತಿ ರೀ,” ಎಂದು ಸಾಹೇಬ ಒಪ್ಪಿಕೊಂಡ. ಸುಳ್ಳು ಹೇಳುವಂತಿರಲಿಲ್ಲ, ಆಕೆಗೆ ನಾಗರತ್ನ ಅಕ್ಕೋರ ಪರಿಚಯ ಚೆನ್ನಾಗಿತ್ತು.

ಸಭೆಯ ದಿನ ಸ್ವಾಗತ ಭಾಷಣವೇ ಉದ್ದವಾಗಿ, ಎರಡು ನಿಮಿಷ ಒಂದಕ್ಕೆ ಇಳಿಯಿತು. ರೇಣುಕಾ ಮೈಕಿನ ಮುಂದೆ ನಿಂತವರು ಯಾರ ಹೆಸರನ್ನೂ ಎತ್ತಲಿಲ್ಲ.

“ಏಳು ಗಂಟಿಗೆ ಮನೀಗೆ ಕೀಲಿ ಹಾಕಿ ತಾಯಿ ಕೆಲಸಕ್ಕ ಹೋಗ್ತಾಳ್ರಿ. ಹತ್ತರ ತನಕ ಆ ಕೂಸು ಎಲ್ಲಿ ಕುಂದ್ರಬೇಕು? ಅದೊಂದು ನಿಮ್ಮ ಕರಡಿನಾಗ ಬರೀರಿ. ಅಲ್ಲೇ ಕುಂದ್ರಸ್ತೀವಿ.”

“ನಮಸ್ಕಾರನಾದ್ರೂ ಹೇಳಬಾರದೇನು ಈಕಿ,” ಎಂದು ನನ್ನ ಪಕ್ಕದವರು ಗೊಣಗಿದರು. ಮೇಜಿನ ಹಿಂದಿದ್ದ ಅಧಿಕಾರಿ ಕನ್ನಡಕ ತೆಗೆದರು.

“ಈಗ ಎಲ್ಲಿ ಕೂರಿಸುತ್ತಿದ್ದೀರಿ, ಮೇಡಂ?”

ಈ ಪ್ರಶ್ನೆ ತಾಲೀಮಿನಲ್ಲಿ ಬಂದಿರಲಿಲ್ಲ. ನಿಜ ಹೇಳಿದರೆ ಇಲಾಖೆಯ ಅನುಮತಿ ಇಲ್ಲದೆ ವೇಳೆ ಬದಲಿಸಿದ್ದನ್ನು ಒಪ್ಪಿಕೊಂಡಂತೆ. ಸುಳ್ಳು ಹೇಳಿದರೆ ತಾವೇ ಕೇಳಿದ ಪ್ರಶ್ನೆಗೆ ಅರ್ಥವಿಲ್ಲ. ನಾಗರತ್ನ ಅಕ್ಕೋರು ಸೆರಗಿನ ತುದಿ ಹಿಡಿದು ಕೂತಿದ್ದರು.

“ತರಗತಿಯೊಳಗ ರೀ,” ಎಂದರು ರೇಣುಕಾ. “ಏಳೂವರಿಗೇ ಸಾಲಿ ತೆಗೀತೀವಿ.”

ಅಧಿಕಾರಿ ಏನೋ ಬರೆದುಕೊಂಡು ಮುಂದಿನವರನ್ನು ಕರೆದರು. ಹೊರಗೆ ಬಂದಾಗ ರೇಣುಕಾ ಕೇಳಿದರು, “ನೋಟಿಸ್ ಬರ್ತೈತೇನ್ರಿ ನನಗ?” ಗೊತ್ತಿಲ್ಲ ಎಂದೆ. ಮರುದಿನದ ವರದಿಯಲ್ಲಿ ಅವರ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಬರೆದೆ. ಉತ್ತರವನ್ನು ಬರೆಯಲೋ ಬೇಡವೋ ತಿಳಿಯದೆ ಫೋನ್ ಮಾಡಿ ಕೇಳಿದೆ. “ಬರೀರಿ,” ಎಂದರು. “ಎಲ್ಲರ ಮುಂದ ಹೇಳೀನಲ್ಲ.”

ನೋಟಿಸ್ ಬಂತು. ವಿವರಣೆ ಕೊಡಬೇಕೆಂದಿತ್ತು. ಕೊಟ್ಟರು. ತಿಂಗಳುಗಳ ನಂತರ ಅಂತಿಮ ಆದೇಶವೂ ಬಂತು.

ಸೋಮವಾರದ ಸನ್ಮಾನ ಮುಗಿಸಿ ಬಂದವನು ಮರುದಿನ ಬೆಳಿಗ್ಗೆ ರೇಣುಕಾ ಅಕ್ಕೋರಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. “ಪ್ರಾರ್ಥನೆ ಹೊತ್ರಿ, ಜಲ್ದಿ ಹೇಳ್ರಿ,” ಎಂದರು. ನಾನು ಕೇಳಿದ್ದಕ್ಕೆ ಅಷ್ಟೇ ಚುಟುಕಾಗಿ ಉತ್ತರಿಸಿದರು.

ಪಾಲಕರ ಸಭೆ ಒಪ್ಪಿದರೆ ಶಾಲೆಯ ವೇಳೆ ಬದಲಿಸಬಹುದು ಎಂಬ ಸಾಲು ಆದೇಶದಲ್ಲಿದೆ. ಅವರ ಶಾಲೆ ಏಳೂವರೆಗೆ ತೆರೆಯುತ್ತಿದೆ. ಅವರ ಮೇಲಿನ ನೋಟಿಸನ್ನು ಇನ್ನೂ ಹಿಂಪಡೆದಿಲ್ಲ.